ನಟರ ಮುಖಕ್ಕಿರುವ ಕಾವಲು ಟೀಚರ್ ಮುಖಕ್ಕೂ ಇರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೆಸರಾಂತರ ಮುಖ, ಹೆಸರು, ದನಿಯನ್ನು ಅವರ ಒಪ್ಪಿಗೆ ಇಲ್ಲದೆ ವ್ಯಾಪಾರಕ್ಕೆ ಬಳಸಬಾರದೆಂದು ನ್ಯಾಯಾಲಯಗಳು ಒಂದರ ಹಿಂದೊಂದು ಆದೇಶ ಕೊಡುತ್ತಿವೆ. 2022ರ ನವೆಂಬರ್‌ನಲ್ಲಿ ಅಮಿತಾಭ್ ಬಚ್ಚನ್, 2023ರ ಸೆಪ್ಟೆಂಬರ್‌ನಲ್ಲಿ ಅನಿಲ್ ಕಪೂರ್ ದೆಹಲಿ ಹೈಕೋರ್ಟ್‌ನಿಂದ ತಡೆಯಾಜ್ಞೆ ತಂದರು. 2024ರಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ದನಿಗೆ ಬಾಂಬೆ ಹೈಕೋರ್ಟ್ ರಕ್ಷಣೆ ಕೊಟ್ಟಿತು. ಒಳ್ಳೆಯದೇ ಆಯಿತು. ಅವರ ಮುಖ, ಅವರ ದನಿ, ಅವರ ದುಡಿಮೆ. ಆದರೆ ಇಂಥ ಸುದ್ದಿ ಓದಿದಾಗಲೆಲ್ಲ ನನಗೆ ಒಂದೇ ಪ್ರಶ್ನೆ ಏಳುತ್ತದೆ. ಯಾರೂ ಗುರುತಿಸದ, ವಕೀಲರ ಪಡೆ ಇಲ್ಲದ, ಮುಖಕ್ಕೆ ಮಾರುಕಟ್ಟೆ ಬೆಲೆಯೇ ಇಲ್ಲದ ಮನುಷ್ಯರ ಗತಿ ಏನು? ಇದನ್ನು ದೂರದಿಂದ ನೋಡಿ ಕೇಳುತ್ತಿಲ್ಲ. ನನ್ನ ಮನೆಯವರಿಗೇ ಆದದ್ದು ಇದಕ್ಕೆ ಕಾರಣ, ನನ್ನ ಕಸುಬೂ ಕಾರಣ. ಆದ್ದರಿಂದ ಪತ್ರ ಉದ್ದವಾದರೆ ದಯವಿಟ್ಟು ಸಹಿಸಿಕೊಳ್ಳಿ.

ನಾನು ಜಾಹೀರಾತು ವಿನ್ಯಾಸ ಮಾಡಿ ಬದುಕುವವಳು. ಕರಪತ್ರ, ಫ್ಲೆಕ್ಸ್, ಪತ್ರಿಕೆಯ ಕಾಲು ಪುಟದ ಜಾಹೀರಾತು, ಈಗೀಗ ಮೊಬೈಲ್ ಪರದೆಗೆ ಹೊಂದುವ ಚೌಕದ ಚಿತ್ರಗಳು, ಇವೇ ನನ್ನ ಕೆಲಸ. ಗ್ರಾಹಕರು ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸಿ, ‘ಮೇಡಂ, ಇದನ್ನ ದೊಡ್ಡದಾಗಿ ಹಾಕಿ’ ಅನ್ನುತ್ತಾರೆ. ಇವರು ಯಾರು ಅಂತ ಕೇಳಿದರೆ, ‘ಯಾರೋ ಗೊತ್ತಿಲ್ಲ, ನೆಟ್‌ನಲ್ಲಿ ಸಿಕ್ತು’ ಎಂಬ ಉತ್ತರ. ಇನ್ನು ಕೆಲವರು, ‘ನಮ್ಮ ಹುಡುಗನೇ ತೆಗೆದದ್ದು, ಏನೂ ತೊಂದರೆ ಇಲ್ಲ’ ಅನ್ನುತ್ತಾರೆ. ಫೋಟೊದಲ್ಲಿರುವವರ ರಿಲೀಸ್ ಇದೆಯೇ ಎಂದರೆ ಬಹುತೇಕರಿಗೆ ನಾನು ಯಾವ ಕಾಗದದ ಬಗ್ಗೆ ಮಾತಾಡುತ್ತಿದ್ದೇನೆ ಎನ್ನುವುದೇ ತಿಳಿಯುವುದಿಲ್ಲ. ನಮ್ಮ ಕಸುಬಿನಲ್ಲಿ ಮಾಡೆಲ್ ರಿಲೀಸ್ ಎಂದರೆ, ಈ ಫೋಟೊವನ್ನು ಇಂತಿಂಥ ವಾಣಿಜ್ಯ ಕೆಲಸಕ್ಕೆ ಬಳಸಲು ನನ್ನ ಒಪ್ಪಿಗೆ ಇದೆ ಎಂದು ಫೋಟೊದಲ್ಲಿರುವ ವ್ಯಕ್ತಿ ಬರೆದು ಸಹಿ ಮಾಡಿಕೊಟ್ಟ ಪತ್ರ. ಅದಿಲ್ಲದೆ ಗುರುತು ಹಿಡಿಯಬಹುದಾದ ಯಾರ ಮುಖವನ್ನೂ ನಾನು ಜಾಹೀರಾತಿಗೆ ಹಾಕುವುದಿಲ್ಲ. ಇದರಿಂದ ಕೆಲಸ ಕೈತಪ್ಪಿದ್ದೂ ಉಂಟು.

ಇನ್ನು ಮನೆಯ ವಿಷಯ. ನನ್ನ ಚಿಕ್ಕಮ್ಮ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಈಗಲೂ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾರೆ. ಕೆಲವು ವರ್ಷಗಳ ಹಿಂದೆ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು ಪುಸ್ತಕ ತಿರುವುತ್ತಿದ್ದಾಗ, ಕ್ಯಾಮೆರಾ ನೇತುಹಾಕಿಕೊಂಡಿದ್ದ ಹುಡುಗನೊಬ್ಬ ಬಂದು, ‘ಬೆಳಕು ಚೆನ್ನಾಗಿದೆ ಅಜ್ಜಿ, ಒಂದು ಫೋಟೊ ತೆಗೀಲಾ?’ ಎಂದು ಕೇಳಿದನಂತೆ. ಇವರು ಆಗಲಪ್ಪಾ ಅಂದರು. ಕನ್ನಡಕ ತೆಗೆದು ದೂರಕ್ಕೆ ನೋಡಿ ಎಂದ, ಹಾಗೇ ನೋಡಿದರು. ಅವನು ಪ್ರದರ್ಶನ ಒಂದಕ್ಕೆ ಚಿತ್ರ ತೆಗೆಯುತ್ತಿದ್ದೇನೆ ಎಂದು ಹೇಳಿದ್ದು ಅವರಿಗೆ ಈಗಲೂ ಚೆನ್ನಾಗಿ ನೆನಪಿದೆ. ಅಷ್ಟೇ ನಡೆದದ್ದು. ಕಾಗದವೂ ಇಲ್ಲ, ಸಹಿಯೂ ಇಲ್ಲ.

ಆಮೇಲೆ ಒಂದು ದಿನ ಅದೇ ಮುಖ ಆಸ್ಪತ್ರೆಯೊಂದರ ಫ್ಲೆಕ್ಸ್ ಮೇಲೆ ಕಾಣಿಸಿಕೊಂಡಿತು. ‘ಆಪ್ತರ ಹೆಸರೇ ಮರೆತುಹೋಗುತ್ತಿದೆಯೇ? ಮನೆಯ ದಾರಿ ತಪ್ಪುತ್ತಿದೆಯೇ?’ ಎಂಬ ಸಾಲು, ಕೆಳಗೆ ಮರೆವಿನ ಕಾಯಿಲೆಗೆ ಚಿಕಿತ್ಸೆ ಎಂಬ ವಿವರ. ನಾನು ಹೋಗಿ ನೋಡಿದೆ. ಅದನ್ನು ಹೇಗೆ ಮಾಡಿದ್ದಾರೆಂದು ಕಸುಬು ಬಲ್ಲ ನನ್ನ ಕಣ್ಣಿಗೆ ತಕ್ಷಣ ತಿಳಿಯಿತು. ಕೈಯಲ್ಲಿದ್ದ ಪುಸ್ತಕವನ್ನು ಕತ್ತರಿಸಿ ಹೊರಗಿಟ್ಟಿದ್ದಾರೆ. ಮೆಟ್ಟಿಲು, ಕಂಬ ಎಲ್ಲ ಮಾಯವಾಗಿ ಹಿಂದೆ ಬರೀ ಬೂದು ಬಣ್ಣ. ಬಿಸಿಲಿನ ಹಳದಿಯನ್ನು ಹಿಂಡಿ ತೆಗೆದು ಮುಖಕ್ಕೆ ಸಣ್ಣದೊಂದು ನೀಲಿ ಬಳಿದಿದ್ದಾರೆ. ಕನ್ನಡಕ ತೆಗೆದು ದೂರ ನೋಡುತ್ತಿದ್ದ ಆ ಕಣ್ಣು, ಹೀಗೆ ಸುತ್ತಮುತ್ತಲಿನದನ್ನೆಲ್ಲ ಅಳಿಸಿದ ಮೇಲೆ, ದಿಕ್ಕು ತಪ್ಪಿದವರ ಕಣ್ಣಿನಂತೆ ಕಾಣುತ್ತಿತ್ತು. ಫೋಟೊ ಸುಳ್ಳು ಹೇಳಿರಲಿಲ್ಲ. ಕತ್ತರಿ ಮತ್ತು ಪಕ್ಕದ ಅಕ್ಷರ ಸೇರಿ ಹೇಳಿಸಿದ್ದವು.

ಪಾಠಕ್ಕೆ ಬರುತ್ತಿದ್ದ ಮಕ್ಕಳಲ್ಲಿ ಕೆಲವರು ಸದ್ದಿಲ್ಲದೆ ಬರುವುದು ನಿಲ್ಲಿಸಿದರು. ಒಬ್ಬ ತಾಯಿ ಬಂದು ದನಿ ತಗ್ಗಿಸಿ, ‘ಈಗ ಹೇಗಿದ್ದೀರಿ ಟೀಚರ್? ಯಾರಾದ್ರೂ ಜೊತೆಗಿರ್ತಾರಾ?’ ಎಂದು ವಿಚಾರಿಸಿದರಂತೆ. ಚಿಕ್ಕಮ್ಮ ನನಗೆ ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ: ‘ಆ ಕಾಯಿಲೆ ಬಂದವರಿಗೆ ಅದರಲ್ಲಿ ಅವಮಾನ ಏನೂ ಇಲ್ಲ. ನಾಳೆ ನನಗೂ ಬರಬಹುದು. ಆದರೆ ಇವತ್ತು ಇಲ್ಲದ್ದನ್ನ ನನ್ನ ಮುಖದಿಂದ ಹೇಳಿಸಿದ್ದಾರಲ್ಲ, ಅದಕ್ಕೆ ಯಾರನ್ನ ಕೇಳಬೇಕು?’

ಯಾರನ್ನು ಕೇಳಬೇಕೆಂದು ಹುಡುಕುತ್ತ ಹೊರಟೆವು. ಆಸ್ಪತ್ರೆಯವರು ಜಾಹೀರಾತು ಸಂಸ್ಥೆಯನ್ನು ಕೇಳಿ ಎಂದರು. ಅವರು, ಚಿತ್ರ ಮಾರುವ ಜಾಲತಾಣದಿಂದ ಹಣ ಕೊಟ್ಟು ಕೊಂಡಿದ್ದೇವೆ, ರಸೀದಿ ಇದೆ ಎಂದರು. ಜಾಲತಾಣದವರು, ಎಲ್ಲ ಹಕ್ಕೂ ನನ್ನಲ್ಲಿದೆ ಎಂದು ಫೋಟೊ ತೆಗೆದವರು ಭರವಸೆ ಕೊಟ್ಟಿದ್ದಾರೆ ಎಂದರು. ಕೊನೆಗೆ ಅವರು ಕಳಿಸಿದ ಕಡತದಲ್ಲಿ ಒಂದು ರಿಲೀಸ್ ಪತ್ರವೂ ಇತ್ತು! ಇಂಗ್ಲಿಷಿನಲ್ಲಿ ಒತ್ತೊತ್ತಾಗಿ ಮುದ್ರಿಸಿದ ಒಂದು ಪುಟ. ಜಗತ್ತಿನ ಎಲ್ಲ ಭಾಗದಲ್ಲಿ, ಈಗ ಇರುವ ಹಾಗೂ ಮುಂದೆ ಹುಟ್ಟಬಹುದಾದ ಎಲ್ಲ ಮಾಧ್ಯಮಗಳಲ್ಲಿ, ಎಂದೆಂದಿಗೂ ಬಳಸಿಕೊಳ್ಳಬಹುದು ಎಂಬ ಒಕ್ಕಣೆ. ಹುಟ್ಟಿದ ದಿನಾಂಕದ ಜಾಗ ಖಾಲಿ. ಸಾಕ್ಷಿಯ ಜಾಗದಲ್ಲಿ ಒಂದು ಗೀಟು. ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಸಹಿ. ನನ್ನ ಚಿಕ್ಕಮ್ಮ ಅಂಕಪಟ್ಟಿಯಿಂದ ಬ್ಯಾಂಕಿನ ಚೆಕ್ಕಿನವರೆಗೆ ಜೀವಮಾನವಿಡೀ ಕನ್ನಡದಲ್ಲೇ ಸಹಿ ಮಾಡಿದವರು.

ವಕೀಲರ ನೋಟಿಸ್ ಹೋದ ಮೇಲೆ ಫ್ಲೆಕ್ಸ್ ಇಳಿಯಿತು. ಜಾಲತಾಣ ಚಿತ್ರವನ್ನು ತೆಗೆದುಹಾಕಿತು. ಕ್ಷಮೆ ಯಾರೂ ಕೇಳಲಿಲ್ಲ. ಅಷ್ಟರೊಳಗೆ ಅದೇ ಚಿತ್ರ ಇನ್ನೆಲ್ಲೆಲ್ಲಿಗೆ ಹೋಗಿತ್ತೋ, ಒಂಟಿತನದ ಬಗೆಗಿನ ಒಂದು ಲೇಖನಕ್ಕೂ ವಿಮೆಯ ಒಂದು ಪುಟಕ್ಕೂ ಅಂಟಿಕೊಂಡಿದ್ದನ್ನು ಆಮೇಲೆ ನಾನೇ ಕಂಡೆ.

ಇಷ್ಟು ಹೇಳಿದ ಮೇಲೆ ಕಾನೂನಿನ ಮಾತಿಗೆ ಬರುತ್ತೇನೆ. ನಾನು ವಕೀಲೆ ಅಲ್ಲ. ಆದರೆ ಈ ಪ್ರಕರಣದ ನೆಪದಲ್ಲಿ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದು ಬಹಳ. ಎಲ್ಲಕ್ಕಿಂತ ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಒಂದಿದೆ. ಫೋಟೊ ತೆಗೆದವರಿಗೆ ಕೃತಿಸ್ವಾಮ್ಯ ಇರುತ್ತದೆ, ನಿಜ. ಆ ಚಿತ್ರವನ್ನು ಬೇರೆಯವರು ನಕಲು ಮಾಡದಂತೆ ತಡೆಯುವ ಹಕ್ಕು ಅದು. ಚಿತ್ರದೊಳಗಿನ ಮುಖವನ್ನು ಔಷಧಿಗೋ ಸಾಲಕ್ಕೋ ರಾಯಭಾರಿ ಮಾಡುವ ಹಕ್ಕು ಅದರೊಳಗೆ ಸೇರಿಲ್ಲ. ಅದನ್ನು ಕೊಡಬಲ್ಲವರು ಆ ಮುಖದವರು ಮಾತ್ರ. ಮನೆ ನೋಡಲು ಒಳಗೆ ಬಿಟ್ಟವರು ಮನೆಯ ಕ್ರಯಪತ್ರವನ್ನೇ ಬರೆದುಕೊಟ್ಟಂತೆ ಆಗುವುದಿಲ್ಲ. ಫೋಟೊ ತೆಗೆಯಲು ಒಪ್ಪಿದ್ದು ಒಂದು, ತೆಗೆದದ್ದನ್ನು ಮಾರಾಟಕ್ಕೆ ಇಡಲು ಒಪ್ಪಿದ್ದು ಇನ್ನೊಂದು.

ಇದನ್ನು ಎಷ್ಟು ಜನ ಗೊಂದಲ ಮಾಡಿಕೊಳ್ಳುತ್ತಾರೆ ಎನ್ನುವುದಕ್ಕೆ 2007ರ ಒಂದು ಪ್ರಕರಣ ನೋಡಿ. ಅಮೆರಿಕದ ಹದಿಹರೆಯದ ಹುಡುಗಿಯೊಬ್ಬಳ ಫೋಟೊವನ್ನು ಪರಿಚಿತರೊಬ್ಬರು ಫೋಟೊ ಹಂಚಿಕೊಳ್ಳುವ ಜಾಲತಾಣವಾದ ಫ್ಲಿಕರ್‌ನಲ್ಲಿ, ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಹಾಕಿದ್ದರು. ಆಸ್ಟ್ರೇಲಿಯಾದ ಮೊಬೈಲ್ ಕಂಪನಿಯೊಂದು ಅದನ್ನೆತ್ತಿ, ಹುಡುಗಿಯನ್ನು ಗೇಲಿ ಮಾಡುವಂಥ ಸಾಲು ಸೇರಿಸಿ ಬಸ್ ನಿಲ್ದಾಣದ ಜಾಹೀರಾತು ಮಾಡಿತು. ಪರವಾನಗಿ ಸರಿಯಾಗೇ ಇತ್ತು. ಅದು ಫೋಟೊ ತೆಗೆದವರ ಪಾಲಿನ ಹಕ್ಕಿಗೆ ಮಾತ್ರ ಅನ್ವಯಿಸುತ್ತಿತ್ತು, ಹುಡುಗಿಯನ್ನು ಯಾರೂ ಕೇಳಿರಲಿಲ್ಲ. ಮನೆಯವರು ಟೆಕ್ಸಾಸ್‌ನಲ್ಲಿ ಹೂಡಿದ ದಾವೆ, ಆಸ್ಟ್ರೇಲಿಯಾದ ಕಂಪನಿ ಈ ನ್ಯಾಯಾಲಯದ ವ್ಯಾಪ್ತಿಗೆ ಬರುವುದಿಲ್ಲ ಎಂಬ ಕಾರಣಕ್ಕೆ ಬಿದ್ದುಹೋಯಿತು. ಫೋಟೊಗೆ ಗಡಿ ದಾಟಲು ಕ್ಷಣ ಸಾಕಾಗಿತ್ತು, ನ್ಯಾಯಕ್ಕೆ ದಾಟಲಾಗಲಿಲ್ಲ.

ನಮ್ಮಲ್ಲಿ ಕೃತಿಸ್ವಾಮ್ಯದ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ನಾವೇ ಹೇಳಿ ತೆಗೆಸಿದ ಫೋಟೊದ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ. ಮದುವೆಗೆ ಕರೆಸಿದ ಫೋಟೊಗ್ರಾಫರು ಮದುಮಗಳ ಚಿತ್ರವನ್ನು ತಮ್ಮ ಸ್ಟುಡಿಯೊ ಜಾಹೀರಾತಿಗೆ ಹಾಕಿಕೊಳ್ಳುವಾಗ ಎರಡು ಒಪ್ಪಿಗೆ ಬೇಕು: ಹಕ್ಕುದಾರರದ್ದು ಮತ್ತು ಆ ಹೆಣ್ಣುಮಗಳದ್ದು. ಎಷ್ಟು ಮದುವೆ ಮನೆಯವರಿಗೆ ಇದು ಗೊತ್ತಿದೆ? ಬುಕಿಂಗ್ ಫಾರಂನ ಹಿಂಬದಿಯಲ್ಲಿ ಇದಕ್ಕೆ ವಿರುದ್ಧವಾದ ಷರತ್ತು ಇದ್ದರೂ ಇರಬಹುದು, ಮುಂಗಡ ಕೊಡುವ ಮುಂಚೆ ತಿರುಗಿಸಿ ಓದುವುದು ಒಳ್ಳೆಯದು.

ಇನ್ನು ಮುಖದ ಹಕ್ಕು. ನಮ್ಮ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿಯೇ ಹೇಳಿದೆ. 1994ರ ಆರ್. ರಾಜಗೋಪಾಲ್ ಪ್ರಕರಣದಲ್ಲಿ, ವ್ಯಕ್ತಿಯ ಹೆಸರನ್ನೋ ರೂಪವನ್ನೋ ಅವರ ಒಪ್ಪಿಗೆ ಇಲ್ಲದೆ ಜಾಹೀರಾತಿಗೆ ಬಳಸುವುದು ಖಾಸಗಿತನದ ಹಕ್ಕಿನ ಉಲ್ಲಂಘನೆಗೆ ಉದಾಹರಣೆ ಎಂದಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಪುಟ್ಟಸ್ವಾಮಿ ಪ್ರಕರಣದಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ಎನ್ನುವುದು ನನಗೆ ಹೆಮ್ಮೆಯ ಸಂಗತಿ. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್, ತನ್ನ ಗುರುತಿನ ವಾಣಿಜ್ಯ ಬಳಕೆಯ ಮೇಲೆ ಹಿಡಿತ ಪ್ರತಿಯೊಬ್ಬ ವ್ಯಕ್ತಿಗೂ ಇರಬೇಕೆಂದು ಬರೆದಿದ್ದಾರೆ. ಪ್ರತಿಯೊಬ್ಬ ವ್ಯಕ್ತಿ ಎಂದಿದ್ದಾರೆ, ಪ್ರತಿಯೊಬ್ಬ ತಾರೆ ಎಂದಲ್ಲ.

ಹಾಗಾದರೆ ಅಡ್ಡಿ ಎಲ್ಲಿದೆ? ನಟರು ನ್ಯಾಯಾಲಯಕ್ಕೆ ಹೋದಾಗ ಅವರ ಮುಖಕ್ಕೆ ಒಂದು ಮಾರುಕಟ್ಟೆ ಮೌಲ್ಯ ಇದೆ, ಅದು ಲೂಟಿಯಾಗಿದೆ ಎಂದು ತೋರಿಸಬಲ್ಲರು. ನಮ್ಮ ಚಿಕ್ಕಮ್ಮನಂಥವರು ಏನು ತೋರಿಸಬೇಕು? ‘ನಿಮಗೇನು ನಷ್ಟ ಆಯಿತು’ ಎಂಬ ಪ್ರಶ್ನೆಗೆ, ಪಾಠಕ್ಕೆ ಬಾರದ ಮಕ್ಕಳ ಪಟ್ಟಿ ಕೊಡಬೇಕೇ? ಪರಿಹಾರ ಬೇಕೆಂದರೆ ಸಿವಿಲ್ ದಾವೆ ಹೂಡಬೇಕು, ವರ್ಷಗಟ್ಟಲೆ ಅಲೆಯಬೇಕು. ಸಾಮಾನ್ಯರು ಫ್ಲೆಕ್ಸ್ ಇಳಿದರೆ ಸಾಕು ಎಂದು ಸುಮ್ಮನಾಗುತ್ತಾರೆ. ನಾವೂ ಹಾಗೇ ಸುಮ್ಮನಾದೆವು.

ವಿಪರ್ಯಾಸವೆಂದರೆ, ಹಳೆಯ ಪ್ರಕರಣಗಳನ್ನು ಓದುತ್ತ ಹೋದಾಗ ಈ ಕಾನೂನು ಹುಟ್ಟಿದ್ದೇ ಸಾಮಾನ್ಯರಿಗಾಗಿ ಎಂದು ಗೊತ್ತಾಗುತ್ತದೆ. ನ್ಯೂಯಾರ್ಕ್ ರಾಜ್ಯದಲ್ಲಿ ಅಬಿಗೈಲ್ ರಾಬರ್ಸನ್ ಎಂಬ ಹುಡುಗಿ ಇದ್ದಳು. ಆಕೆಯ ಭಾವಚಿತ್ರವನ್ನು ಹಿಟ್ಟಿನ ಕಂಪನಿಯೊಂದು ಆಕೆಯನ್ನು ಕೇಳದೆ ಸುಮಾರು 25,000 ಪ್ರತಿ ಅಚ್ಚು ಹಾಕಿಸಿ, ಅಂಗಡಿ, ಗೋದಾಮು, ಪಾನಗೃಹಗಳಲ್ಲೆಲ್ಲ ಹಚ್ಚಿಸಿತು. ಕಂಡವರು ಗುರುತು ಹಿಡಿದು ಮೂದಲಿಸಿದ್ದರಿಂದ ಹುಡುಗಿ ಹಾಸಿಗೆ ಹಿಡಿದಳು. ಚಿತ್ರವೇನೋ ಚೆನ್ನಾಗಿಯೇ ಇತ್ತು, ನಿಂದೆಯ ಮಾತೂ ಇರಲಿಲ್ಲ. 1902ರಲ್ಲಿ ಅಲ್ಲಿಯ ಉನ್ನತ ನ್ಯಾಯಾಲಯ 4–3ರ ಬಹುಮತದಿಂದ, ಇಂಥದ್ದೊಂದು ಹಕ್ಕು ಕಾನೂನಿನಲ್ಲಿ ಇಲ್ಲ ಎಂದುಬಿಟ್ಟಿತು. ಜನ ಸಿಡಿದೆದ್ದರು. ಪತ್ರಿಕೆಗಳು ತೀರ್ಪನ್ನು ಖಂಡಿಸಿ ಬರೆದವು. ಮರುವರ್ಷವೇ, 1903ರಲ್ಲಿ, ಶಾಸನಸಭೆ ಕಾಯ್ದೆ ಮಾಡಿತು: ಜೀವಂತ ವ್ಯಕ್ತಿಯ ಹೆಸರು ಅಥವಾ ಚಿತ್ರವನ್ನು ಜಾಹೀರಾತಿಗೆ, ವ್ಯಾಪಾರಕ್ಕೆ ಬಳಸಬೇಕಾದರೆ ಅವರ ಲಿಖಿತ ಒಪ್ಪಿಗೆ ಬೇಕು, ಅಪ್ರಾಪ್ತರಾದರೆ ತಂದೆತಾಯಿಯದ್ದೋ ಪೋಷಕರದ್ದೋ ಬೇಕು, ಮೀರಿದರೆ ಅಪರಾಧವೂ ಹೌದು, ಪರಿಹಾರವೂ ಉಂಟು. ತಿದ್ದುಪಡಿಗಳೊಂದಿಗೆ ಆ ಕಾಯ್ದೆ ಇಂದಿಗೂ ಜಾರಿಯಲ್ಲಿದೆ.

ಇನ್ನೊಂದು ಪ್ರಕರಣ ಓದುವಾಗ ನನಗೆ ಮೈ ಜುಮ್ಮೆಂದಿತು, ಅಷ್ಟು ನಮ್ಮದರಂತೆ ಇತ್ತು. ಅಮೆರಿಕದ ಜಾರ್ಜಿಯಾದಲ್ಲಿ ಪಾವ್ಲೊ ಪವೇಸಿಚ್ ಎಂಬ ಚಿತ್ರಕಾರ ಪತ್ರಿಕೆ ತೆರೆದರೆ ತನ್ನದೇ ಫೋಟೊ, ಜೀವವಿಮೆಯ ಜಾಹೀರಾತಿನಲ್ಲಿ. ಪಕ್ಕದಲ್ಲಿ ಬಡಕಲು ಮನುಷ್ಯನ ಚಿತ್ರ. ದಷ್ಟಪುಷ್ಟವಾಗಿರುವ ಈತ ಈ ಕಂಪನಿಯ ವಿಮೆ ಮಾಡಿಸಿದವನು, ಆತ ಮಾಡಿಸದವನು ಎಂಬ ಅರ್ಥದ ಒಕ್ಕಣೆ. ಪವೇಸಿಚ್ ಆ ಕಂಪನಿಯ ವಿಮೆಯನ್ನು ಮಾಡಿಸಿಯೇ ಇರಲಿಲ್ಲ! ಫೋಟೊದ ನೆಗೆಟಿವ್ ಫೋಟೊಗ್ರಾಫರರ ಕೈಯಿಂದ ಹೋಗಿತ್ತು. 1905ರಲ್ಲಿ ಜಾರ್ಜಿಯಾದ ಸುಪ್ರೀಂ ಕೋರ್ಟ್ ಅವನ ಪರವಾಗಿ ನಿಂತು, ಖಾಸಗಿತನದ ಹಕ್ಕನ್ನು ಎತ್ತಿಹಿಡಿಯಿತು. ಹಿಟ್ಟಿನ ಪೋಸ್ಟರಿನ ಹುಡುಗಿ, ವಿಮೆಯ ಜಾಹೀರಾತಿನ ಚಿತ್ರಕಾರ, ಇವರ ಹೆಗಲ ಮೇಲೆ ನಿಂತ ಹಕ್ಕು ಇದು. ನೂರಿಪ್ಪತ್ತು ವರ್ಷದ ಮೇಲೆ ಅದು ತಾರೆಯರ ಆಸ್ತಿಯಂತೆ ಕಾಣುತ್ತಿದ್ದರೆ ಎಲ್ಲೋ ದಾರಿ ತಪ್ಪಿದ್ದೇವೆ.

ಜರ್ಮನಿಯ ಕಾನೂನು ಇನ್ನೂ ನೇರ. 1898ರಲ್ಲಿ ಅಲ್ಲಿಯ ಮಾಜಿ ಚಾನ್ಸೆಲರ್ ಬಿಸ್ಮಾರ್ಕ್ ತೀರಿಕೊಂಡಾಗ ಇಬ್ಬರು ಫೋಟೊಗ್ರಾಫರರು ಕಿಟಕಿಯಿಂದ ನುಗ್ಗಿ ಶವದ ಚಿತ್ರ ತೆಗೆದರು. ಆ ಗದ್ದಲದ ಫಲವಾಗಿ 1907ರಲ್ಲಿ ಬಂದ ಕಾಯ್ದೆ, ವ್ಯಕ್ತಿಯ ಚಿತ್ರವನ್ನು ಅವರ ಒಪ್ಪಿಗೆಯಿಂದ ಮಾತ್ರ ಪ್ರಚಾರ ಮಾಡಬಹುದು ಎನ್ನುತ್ತದೆ. ಸತ್ತ ಮೇಲೂ ಹತ್ತು ವರ್ಷ ಆಪ್ತರ ಒಪ್ಪಿಗೆ ಬೇಕು. ಸುದ್ದಿಗೆ, ಜನಜಂಗುಳಿಯ ಚಿತ್ರಕ್ಕೆ, ದೃಶ್ಯದಲ್ಲಿ ಆಕಸ್ಮಿಕವಾಗಿ ಸಿಕ್ಕಿದವರಿಗೆ ವಿನಾಯಿತಿ ಇದೆ.

ಈ ವಿನಾಯಿತಿಯ ವಿಷಯವನ್ನು ನಾನು ಒತ್ತಿ ಹೇಳಬೇಕು. ಏಕೆಂದರೆ ನನ್ನ ಪತ್ರ ಓದಿ, ‘ಹಾಗಾದರೆ ಬೀದಿಯಲ್ಲಿ ಕ್ಯಾಮೆರಾ ಎತ್ತಲೇಬಾರದೇ’ ಎಂದು ಫೋಟೊಗ್ರಾಫರ್ ಗೆಳೆಯರು ಸಿಟ್ಟಾಗುವುದು ನನಗೆ ಬೇಡ. ಎತ್ತಬೇಕು. ಪ್ರತಿಭಟನೆ, ಪ್ರವಾಹ, ಜಾತ್ರೆ, ಲಾಠಿ ಪ್ರಹಾರ, ಇವುಗಳ ಚಿತ್ರಕ್ಕೆ ಪ್ರತಿ ಮುಖದ ಸಹಿ ಕೇಳುತ್ತ ಕೂತರೆ ಪತ್ರಿಕೋದ್ಯಮ ಉಳಿಯುವುದಿಲ್ಲ, ಅಧಿಕಾರದಲ್ಲಿದ್ದವರಿಗೆ ಅದಕ್ಕಿಂತ ಅನುಕೂಲ ಬೇರೆ ಇಲ್ಲ. ಕಲೆಯ ಮಾತೂ ಹಾಗೆಯೇ. ಕೆನಡಾದ ಕ್ವಿಬೆಕ್‌ನಲ್ಲಿ ಮೆಟ್ಟಿಲ ಮೇಲೆ ಕೂತಿದ್ದ 17 ವರ್ಷದ ಹುಡುಗಿಯ ಚಿತ್ರವನ್ನು ಕಲಾಪತ್ರಿಕೆಯೊಂದು ಕೇಳದೆ ಪ್ರಕಟಿಸಿತು. ಆ ಸಂಚಿಕೆ ಮಾರಾಟವಾದದ್ದು 722 ಪ್ರತಿ. ಆದರೂ 1998ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಆಕೆಗೆ 2,000 ಡಾಲರ್ ಪರಿಹಾರವನ್ನು ಎತ್ತಿಹಿಡಿಯಿತು. ಚಿಕ್ಕಮ್ಮನೂ ಮೆಟ್ಟಿಲ ಮೇಲೆಯೇ ಕೂತಿದ್ದವರು, ಆದರೂ ಆ ತೀರ್ಪು ನನಗೆ ಸ್ವಲ್ಪ ಬಿಗಿಯೇ ಅನ್ನಿಸುತ್ತದೆ. ಆ ಹುಡುಗ ಚಿಕ್ಕಮ್ಮನ ಚಿತ್ರವನ್ನು ತಾನು ಹೇಳಿದಂತೆ ಪ್ರದರ್ಶನದ ಗೋಡೆಗೆ ಹಾಕಿದ್ದರೆ ನಾವು ಹೋಗಿ ನೋಡಿ ಖುಷಿಪಟ್ಟು ಬರುತ್ತಿದ್ದೆವು. ಚಿಕ್ಕಮ್ಮ ಬಹುಶಃ ಒಂದು ಪ್ರತಿ ಕೇಳಿ ತರುತ್ತಿದ್ದರು. ಗೆರೆ ಎಳೆಯಬೇಕಾದದ್ದು ಆ ಮುಖ ಸರಕು ಮಾರಲು ನಿಲ್ಲುವ ಜಾಗದಲ್ಲಿ.

ಚಿತ್ರ ಮಾರುವ ದೊಡ್ಡ ಜಾಲತಾಣಗಳೇ ಈ ಗೆರೆಯನ್ನು ಒಪ್ಪಿಕೊಂಡಿವೆ. ರಿಲೀಸ್ ಇಲ್ಲದ ಚಿತ್ರಗಳ ಕೆಳಗೆ ‘ಎಡಿಟೋರಿಯಲ್ ಯೂಸ್ ಓನ್ಲಿ’ ಎಂದು ಬರೆದಿರುತ್ತಾರೆ. ಸುದ್ದಿಗೆ, ಲೇಖನಕ್ಕೆ ಬಳಸಬಹುದು, ಜಾಹೀರಾತಿಗೆ ಕೂಡದು ಎಂದರ್ಥ. ರಿಲೀಸ್ ಇರುವ ಚಿತ್ರಗಳಿಗೂ ಅನೇಕ ಕಡೆ ಒಂದು ಷರತ್ತು ಇರುತ್ತದೆ: ಕಾಯಿಲೆ, ವ್ಯಸನ, ಲೈಂಗಿಕತೆ, ರಾಜಕೀಯದಂಥ ಸೂಕ್ಷ್ಮ ವಿಷಯಗಳಿಗೆ ಬಳಸಿದರೆ, ಚಿತ್ರದಲ್ಲಿರುವವರು ಬರೀ ರೂಪದರ್ಶಿ ಎಂದು ಕಾಣುವಂತೆ ಬರೆಯಬೇಕು ಅಥವಾ ಹಾಗೆ ಬಳಸಲೇಬಾರದು. ಆ ಷರತ್ತನ್ನು ಓದುವ ವಿನ್ಯಾಸಕರು ಎಷ್ಟು ಜನ? ಸಂಜೆಯೊಳಗೆ ಫ್ಲೆಕ್ಸ್ ಹೋಗಬೇಕು ಎಂದು ಗ್ರಾಹಕರು ತಲೆಯ ಮೇಲೆ ಕೂತಿರುವಾಗ ಯಾರೂ ಓದುವುದಿಲ್ಲ. ಜಾಹೀರಾತು ಉದ್ಯಮದ ಸ್ವಯಂ ನಿಯಂತ್ರಣ ಮಂಡಳಿಯಾದ ಎಎಸ್‌ಸಿಐನ ಸಂಹಿತೆಯಲ್ಲೂ, ವ್ಯಕ್ತಿಯ ಅನುಮತಿ ಇಲ್ಲದೆ ಅವರನ್ನು ಎಳೆದುತಂದು ಸರಕಿಗೆ ಅನುಚಿತ ಲಾಭ ಮಾಡಿಕೊಡುವಂಥ ಅಥವಾ ಅವರನ್ನು ನಗೆಪಾಟಲು ಮಾಡುವಂಥ ಜಾಹೀರಾತು ಕೂಡದು ಎಂದಿದೆ. ದೂರು ಕೊಡುವುದಕ್ಕೆ ವಕೀಲರು ಬೇಕಿಲ್ಲ. ಓದುಗರಿಗೆ ಇಷ್ಟಾದರೂ ತಿಳಿದಿರಲಿ.

2023ರಲ್ಲಿ ನಮ್ಮ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಡಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಗುರುತು ಹಿಡಿಯಬಹುದಾದ ಮುಖದ ಡಿಜಿಟಲ್ ಚಿತ್ರವೂ ವೈಯಕ್ತಿಕ ದತ್ತಾಂಶವೇ. ಈ ಕಾಯ್ದೆಯಲ್ಲಿ ನನಗೆ ಬಹಳ ಹಿಡಿಸಿದ್ದು ಒಪ್ಪಿಗೆಯ ಕಲಮು. ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟ ಉದ್ದೇಶಕ್ಕೆ ಇರಬೇಕು, ತಿಳಿದು ಕೊಟ್ಟದ್ದಾಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವಂತಿರಬೇಕು. 18 ವರ್ಷದೊಳಗಿನವರಾದರೆ ಪೋಷಕರ ಒಪ್ಪಿಗೆ ಬೇಕು. ಒಪ್ಪಿಗೆ ಕೇಳುವ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ಕೊಡಬೇಕು. ಅಂದರೆ ‘ಕನ್ನಡದಲ್ಲಿ ಕೊಡಿ’ ಎಂದು ಕೇಳುವ ಹಕ್ಕನ್ನು ಈ ಕಾಯ್ದೆ ನಮಗೆ ಕೊಡುತ್ತದೆ. ಜಗತ್ತಿನ ಎಲ್ಲ ಭಾಗದಲ್ಲಿ, ಎಲ್ಲ ಮಾಧ್ಯಮದಲ್ಲಿ, ಎಂದೆಂದಿಗೂ ಎಂಬ ಸಾಲನ್ನು ಕನ್ನಡದಲ್ಲಿ ಓದಿದರೆ ಎಷ್ಟು ಜನ ಸಹಿ ಹಾಕುತ್ತಾರೋ ನೋಡೋಣ.

ಈ ಕಾಯ್ದೆಯಲ್ಲಿ ಎರಡು ತೂತುಗಳಿವೆ. ತಾವೇ ಸಾರ್ವಜನಿಕವಾಗಿ ಹಾಕಿಕೊಂಡ ದತ್ತಾಂಶಕ್ಕೆ ಅದು ಅನ್ವಯಿಸುವುದಿಲ್ಲ. ಫೇಸ್‌ಬುಕ್‌ನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ ನಮ್ಮದೇ ಫೋಟೊಗೆ ಈ ಕಾಯ್ದೆಯ ಆಸರೆ ಸಿಗುವುದು ಕಷ್ಟ, ಖಾಸಗಿತನದ ಹಕ್ಕಿನ ಮೊರೆಯನ್ನೇ ಹೋಗಬೇಕು. ಇನ್ನೊಂದು, ದಂಡದ ಮೊತ್ತ 250 ಕೋಟಿ ರೂಪಾಯಿವರೆಗೆ ಹೋಗಬಹುದಾದರೂ ಅದು ಸೇರುವುದು ಭಾರತದ ಸಂಚಿತ ನಿಧಿಗೆ. ನೋವುಂಡವರಿಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ನನಗಿದು ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ಚಿಕ್ಕಮ್ಮನ ಮುಖಕ್ಕಾದ ಹಾನಿಗೆ ಸರ್ಕಾರದ ಖಜಾನೆಗೆ ಹಣ ಕಟ್ಟಿದರೆ ಲೆಕ್ಕ ಹೇಗೆ ಚುಕ್ತಾ ಆಗುತ್ತದೆ?

ಈಗ ಕೃತಕ ಬುದ್ಧಿಮತ್ತೆ ಬಂದು ಒಂದು ಫೋಟೊದಿಂದ ಮಾತಾಡುವ, ನಗುವ, ಅಳುವ ವಿಡಿಯೊ ಮಾಡಿಕೊಡುತ್ತದೆ. ಮುಖ, ದನಿ, ದೇಹದ ಮೇಲೆ ಪ್ರತಿ ಪ್ರಜೆಗೂ ಕೃತಿಸ್ವಾಮ್ಯದಂಥ ಹಕ್ಕು ಕೊಡುವ ಪ್ರಸ್ತಾಪವನ್ನು ಡೆನ್ಮಾರ್ಕ್ ಸರ್ಕಾರ 2025ರಲ್ಲಿ ಮುಂದಿಟ್ಟಿತು. ನಮ್ಮಲ್ಲಿಯೂ ಅಂಥ ಚರ್ಚೆ ನಡೆಯಲಿ. ಆದರೆ ಅದಕ್ಕೂ ಮೊದಲು, ನೂರಾ ಚಿಲ್ಲರೆ ವರ್ಷದ ಹಿಂದೆ ಹಿಟ್ಟಿನ ಪೋಸ್ಟರಿನಿಂದ ಕಲಿತ ಪಾಠವನ್ನಾದರೂ ಕಾಯ್ದೆಯಾಗಿ ಬರೆದುಕೊಳ್ಳೋಣ: ಜಾಹೀರಾತಿಗೆ ಲಿಖಿತ ಒಪ್ಪಿಗೆ ಬೇಕು, ಅದನ್ನು ಹಾಜರುಪಡಿಸುವ ಹೊಣೆ ಜಾಹೀರಾತು ಕೊಟ್ಟವರದ್ದು, ಇಲ್ಲದಿದ್ದರೆ ನಷ್ಟದ ಪುರಾವೆ ಕೇಳದೆ ಕನಿಷ್ಠ ಪರಿಹಾರ, ಅದನ್ನು ಪಡೆಯಲು ದೆಹಲಿಯ ದಾರಿ ಹಿಡಿಯಬೇಕಿಲ್ಲದ, ಜಿಲ್ಲಾ ಮಟ್ಟದ ಒಂದು ವ್ಯವಸ್ಥೆ. ನಮ್ಮ ಶಾಸಕರು, ಸಂಸದರು ಇದನ್ನು ಓದುತ್ತಿದ್ದರೆ ಅವರಿಗೆ ನನ್ನ ಕಳಕಳಿಯ ಮನವಿ ಇದು.

ಕಾಯ್ದೆ ಬರುವವರೆಗೆ ಕಾಯಬೇಕಿಲ್ಲದ ಕೆಲಸವೂ ಇದೆ. ನನ್ನ ಹತ್ತಿರ ಕನ್ನಡದಲ್ಲಿ ಅರ್ಧ ಪುಟದ ಒಪ್ಪಿಗೆ ಪತ್ರ ಇದೆ. ಯಾವ ಸರಕಿಗೆ, ಯಾವ ಮಾಧ್ಯಮಕ್ಕೆ, ಎಷ್ಟು ಕಾಲ ಎಂಬುದನ್ನು ಕೈಬರಹದಲ್ಲೇ ತುಂಬಿಸುತ್ತೇನೆ. ಕಾಯಿಲೆ, ಸಾಲ, ರಾಜಕೀಯ, ಕೃತಕ ಬುದ್ಧಿಮತ್ತೆಯ ತರಬೇತಿ, ಇವುಗಳ ಮುಂದೆ ಬೇರೆ ಬೇರೆ ಚೌಕ ಇದೆ, ಒಪ್ಪಿದ್ದಕ್ಕೆ ಮಾತ್ರ ಗುರುತು. ಕೊಟ್ಟ ಸಂಭಾವನೆ ಎಷ್ಟೆಂದು ಬರೆಯುವ ಜಾಗ ಇದೆ. ಓದಲು ಬಾರದವರಿಗೆ ಓದಿ ಹೇಳಿದವರ ಸಹಿಯೂ ಬೇಕು. ಒಂದು ಪ್ರತಿ ಚಿತ್ರದಲ್ಲಿರುವವರ ಕೈಗೆ, ಅದರ ಮೇಲೆ ನನ್ನ ಫೋನ್ ಸಂಖ್ಯೆ. ಇದಕ್ಕೆ ಹಿಡಿಯುವ ಸಮಯ ಚಿತ್ರವನ್ನು ಬಣ್ಣ ತಿದ್ದುವುದಕ್ಕಿಂತ ಕಡಿಮೆ. ಫೋಟೊಗ್ರಾಫರ್, ವಿನ್ಯಾಸಕ ಗೆಳೆಯರು ಯಾರು ಕೇಳಿದರೂ ಇದರ ನಮೂನೆ ಕೊಡಲು ಸಿದ್ಧಳಿದ್ದೇನೆ.

ಸಂಪಾದಕರೇ, ಕೊನೆಯದಾಗಿ ನಿಮ್ಮಲ್ಲೂ ಒಂದು ಕೋರಿಕೆ. ಚಿಕ್ಕಮ್ಮನ ಮುಖವಿದ್ದ ಅದೇ ಜಾಹೀರಾತು ಫ್ಲೆಕ್ಸ್‌ಗೆ ಮಾತ್ರವಲ್ಲ, ಪತ್ರಿಕೆಗಳಿಗೂ ಹೋಗಬಹುದಿತ್ತು. ಹೋಗಿದ್ದರೆ ಅಚ್ಚಾಗದಂತೆ ತಡೆಯಲು ಅಲ್ಲಿ ಏನಿತ್ತು? ನಿಮ್ಮ ಜಾಹೀರಾತು ವಿಭಾಗದ ಬುಕಿಂಗ್ ಫಾರಂನಲ್ಲಿ ಒಂದು ಸಾಲು ಸೇರಿಸಿ: ‘ಈ ಜಾಹೀರಾತಿನಲ್ಲಿರುವ ವ್ಯಕ್ತಿಗಳ ಲಿಖಿತ ಒಪ್ಪಿಗೆಯ ಪ್ರತಿ ಲಗತ್ತಿಸಿದೆ.’ ಲಗತ್ತಿಸದಿದ್ದರೆ ಚಿತ್ರ ತೆಗೆದು ಬರೀ ಅಕ್ಷರದಲ್ಲಿ ಮುದ್ರಿಸಿ. ಸೇರಿಸಲು ಆಗುವುದಿಲ್ಲವೆಂದಾದರೆ ಏಕೆ ಆಗುವುದಿಲ್ಲ ಎಂಬುದನ್ನು ಈ ಅಂಕಣದಲ್ಲೇ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಜಾಹೀರಾತು ವಿನ್ಯಾಸಕಿ, ನಿಮ್ಮ ಓದುಗರಲ್ಲೊಬ್ಬಳು